ರ್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೇ? ಹುಡುಕಬೇಕಾದ ಕ್ರಮ ಇದು

ಹಳೆಯ ರ್ಯಾಮ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲ್ಯಾಪ್‌ಟಾಪ್, ಹೊಸದನ್ನು ಹಾಕಿ ಮುಚ್ಚಳ ಮುಚ್ಚಿದ ಮೇಲೆ ಕಪ್ಪು ಪರದೆ ತೋರಿಸುತ್ತಾ ಕೂತರೆ ಮದರ್‌ಬೋರ್ಡ್ ಸುಟ್ಟುಹೋಯಿತು ಎಂದೇ ಮೊದಲು ಅನ್ನಿಸುತ್ತದೆ. ಹೆಚ್ಚಿನ ಸಲ ಹಾಗಾಗಿರುವುದಿಲ್ಲ. ರ್ಯಾಮ್ ಸ್ಟಿಕ್, ಅಂದರೆ ಚಿಪ್‌ಗಳಿರುವ ಆ ಪುಟ್ಟ ಹಲಗೆ, ಸ್ಲಾಟಿನೊಳಗೆ ಪೂರ್ತಿ ಕೂತಿರುವುದಿಲ್ಲ, ಅಥವಾ ಆ ಯಂತ್ರಕ್ಕೆ ಹೊಂದದ ಬಗೆಯದಾಗಿರುತ್ತದೆ, ಅಥವಾ ಒಳಗೆ ಕೈ ಹಾಕಿದಾಗ ಬೇರೆ ಯಾವುದೋ ಕೇಬಲ್ ಸಡಿಲವಾಗಿರುತ್ತದೆ. ಮೂರನ್ನೂ ಮನೆಯಲ್ಲೇ ಪತ್ತೆ ಮಾಡಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆನ್ ಮಾಡಿ ನೋಡಬೇಕು. ನಾಲ್ಕು ಕಡೆ ಕೈ ಆಡಿಸಿದ ಮೇಲೆ ಆನ್ ಆದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಆಗದಿದ್ದರೆ ಯಾವುದು ಕೆಟ್ಟಿತು ಎಂದೂ ತಿಳಿಯುವುದಿಲ್ಲ.

ಪರದೆ ಏಕೆ ಪೂರ್ತಿ ಕಪ್ಪಾಗುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಪವರ್ ಬಟನ್ ಒತ್ತಿದಾಗ ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡಿನಲ್ಲೇ ಇರುವ ಬಯಾಸ್ ಎಂಬ ತಂತ್ರಾಂಶ ಮೊದಮೊದಲು ಮಾಡುವ ಕೆಲಸಗಳಲ್ಲಿ ಒಂದು ರ್ಯಾಮ್ ಗುರುತಿಸಿ ಸಜ್ಜುಗೊಳಿಸುವುದು. ಪ್ರತಿ ಸ್ಟಿಕ್‌ನಲ್ಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. ಈ ಸ್ಟಿಕ್ ಎಷ್ಟು ಜಿಬಿ, ಯಾವ ವೇಗದಲ್ಲಿ ಓಡಬಲ್ಲದು ಎಂಬ ವಿವರ ಅದರಲ್ಲಿದೆ. ಬಯಾಸ್ ಅದನ್ನು ಓದಲಾಗದಿದ್ದರೆ, ಓದಿದರೂ ಆ ಲೆಕ್ಕದಲ್ಲಿ ರ್ಯಾಮ್ ಓಡದಿದ್ದರೆ ಮುಂದಿನ ಹೆಜ್ಜೆ ಇಡುವುದಿಲ್ಲ. ಪರದೆಯ ಮೇಲೆ ಚಿತ್ರ ಮೂಡುವುದು ಅದರ ನಂತರದ ಮಾತು. ಆದ್ದರಿಂದಲೇ ‘ರ್ಯಾಮ್ ತಪ್ಪು’ ಎಂದು ಬರೆದು ತೋರಿಸಲೂ ಅದಕ್ಕೆ ಆಗುವುದಿಲ್ಲ.

ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ದೀಪವೂ ಇಲ್ಲ, ಫ್ಯಾನ್ ಸದ್ದೂ ಇಲ್ಲ ಎಂದಾದರೆ ರ್ಯಾಮ್ ಮೇಲಿನ ಅನುಮಾನ ಕಡಿಮೆ. ಬ್ಯಾಟರಿ ಕನೆಕ್ಟರ್ ಅಥವಾ ಪವರ್ ಬಟನ್‌ನ ರಿಬ್ಬನ್ ಕೇಬಲ್ ಕಡೆ ನೋಡಬೇಕು. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದರೆ ಅದು ರ್ಯಾಮ್ ತೊಂದರೆಯ ನೇರ ಲಕ್ಷಣ. ಕೆಲವು ಸೆಕೆಂಡಿಗೊಮ್ಮೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೂ ಅದೇ ಗುಂಪು. ಕಂಪನಿಯ ಲೋಗೋ ಬಂದು, ವಿಂಡೋಸ್ ಶುರುವಾಗುವಾಗ ನೀಲಿ ಪರದೆ ಬಂದರೆ ರ್ಯಾಮ್ ಗುರುತು ಸಿಕ್ಕಿದೆ, ಆದರೆ ಸ್ಥಿರವಾಗಿ ಓಡುತ್ತಿಲ್ಲ. ಬೂಟ್ ಮಾಡಲು ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ರ್ಯಾಮ್ ಸರಿಯಾಗಿದೆ ಎಂದೇ ಅರ್ಥ. ಪಕ್ಕದಲ್ಲಿದ್ದ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಕೇಬಲ್ ಕದಲಿದೆ, ಅದನ್ನು ಮತ್ತೆ ಕೂರಿಸಿ.

ಡಿಡಿಆರ್5 ಆದರೆ ಹದಿನೈದು ನಿಮಿಷ ಬಿಟ್ಟುಬಿಡಿ

ಡಿಡಿಆರ್3, 4, 5 ಎಂಬುವು ರ್ಯಾಮ್‌ನ ತಲೆಮಾರುಗಳು. ಡಿಡಿಆರ್5 ಯಂತ್ರಗಳಲ್ಲಿ ಹೊಸ ರ್ಯಾಮ್ ಹಾಕಿದ ಮೊದಲ ಸಲ ಬಯಾಸ್ ಪ್ರತಿಯೊಂದು ಸಿಗ್ನಲ್ ದಾರಿಯನ್ನೂ ಅಳೆದು ಹೊಂದಿಸಿಕೊಳ್ಳುತ್ತದೆ. ಇದನ್ನು ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಅಷ್ಟು ಹೊತ್ತೂ ಪರದೆ ಕಪ್ಪು. ಒಂದೆರಡು ನಿಮಿಷದಲ್ಲಿ ಮುಗಿಯಬಹುದು, ಹೆಚ್ಚು ಜಿಬಿ ಇದ್ದರೆ ಇನ್ನೂ ಹೊತ್ತು ಹಿಡಿಯಬಹುದು, ನಡುವೆ ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಲೂಬಹುದು. ಅರ್ಧ ನಿಮಿಷಕ್ಕೇ ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಈ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹತ್ತು ಸಲ ಹಾಗೆ ಮಾಡಿ ‘ಹತ್ತು ಸಲ ನೋಡಿದೆ, ಆನ್ ಆಗುತ್ತಿಲ್ಲ’ ಎನ್ನುವವರು ಬಹಳ ಮಂದಿ. ಚಾರ್ಜರ್ ಹಾಕಿ, ಒಮ್ಮೆ ಆನ್ ಮಾಡಿ, 15 ನಿಮಿಷ ಮುಟ್ಟದೆ ಬಿಡಿ. ಒಮ್ಮೆ ಟ್ರೇನಿಂಗ್ ಮುಗಿದರೆ ಫಲಿತಾಂಶ ಉಳಿದುಕೊಳ್ಳುತ್ತದೆ, ಮುಂದಿನ ಸಲ ಬೇಗ ಆನ್ ಆಗುತ್ತದೆ.

ಡಿಡಿಆರ್4ಗೆ ಒಂದೆರಡು ನಿಮಿಷ ಕಾದರೆ ಧಾರಾಳ. ಡಿಡಿಆರ್3ಗೆ ಅಷ್ಟೂ ಬೇಡ.

ಕರೆಂಟ್ ಪೂರ್ತಿ ಇಳಿಸಿ

ಕಾದರೂ ಬರಲಿಲ್ಲವೆಂದರೆ ಬಿಚ್ಚಬೇಕು. ಚಾರ್ಜರ್ ತೆಗೆಯಿರಿ, ಪೆನ್‌ಡ್ರೈವ್, ಮೌಸ್ ಎಲ್ಲ ಕಳಚಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ತೆಗೆದಿಡಿ. ಒಳಗೇ ಇದ್ದರೆ ತಳದ ಮುಚ್ಚಳ ಬಿಚ್ಚಿದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ವೈರ್ ಹಿಡಿದು ಎಳೆಯಬೇಡಿ. ಕನೆಕ್ಟರ್‌ನ ಎರಡೂ ಅಂಚನ್ನು ಪ್ಲಾಸ್ಟಿಕ್ ತುಂಡಿನಿಂದ ಸ್ವಲ್ಪ ಸ್ವಲ್ಪವೇ ಸರಿಸಿ ಬಿಡಿಸಿ. ಕೆಲವದರಲ್ಲಿ ಕನೆಕ್ಟರ್ ಮೇಲೆ ಲೋಹದ ಪಟ್ಟಿಯ ಬೀಗ ಇರುತ್ತದೆ, ಅದನ್ನು ಮೊದಲು ಎತ್ತಬೇಕು. ನಂತರ ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಇಷ್ಟರಿಂದಲೇ ಎಚ್ಚೆತ್ತುಕೊಳ್ಳುವ ಯಂತ್ರಗಳೂ ಇವೆ.

ಈ ಹೆಜ್ಜೆಯನ್ನು ಬಿಡಲೇಬಾರದು. ಲ್ಯಾಪ್‌ಟಾಪ್ ಸ್ಲೀಪ್‌ನಲ್ಲಿದ್ದರೆ ರ್ಯಾಮ್ ಸ್ಲಾಟಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಆಗ ಸ್ಟಿಕ್ ಎಳೆದರೆ ಅಥವಾ ಹಾಕಿದರೆ ಸ್ಟಿಕ್, ಸ್ಲಾಟ್ ಎರಡೂ ಸುಡಬಹುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಇದ್ದರೆ ಮಾಮೂಲಿ ಶಟ್‌ಡೌನ್ ಕೂಡ ಅರ್ಧ ಹೈಬರ್ನೇಟ್ ಇದ್ದ ಹಾಗೆ. ರ್ಯಾಮ್ ಬದಲಿಸುವ ಮುಂಚೆ ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಕ್ಲಿಕ್ ಮಾಡಿದರೆ ನಿಜವಾಗಿ ಪೂರ್ತಿ ಆಫ್ ಆಗುತ್ತದೆ.

ಕಾರ್ಪೆಟ್, ಹಾಸಿಗೆಯ ಮೇಲೆ ಈ ಕೆಲಸ ಬೇಡ. ಮರದ ಮೇಜು ಸಾಕು. ಸ್ಟಿಕ್ ಮುಟ್ಟುವ ಮುಂಚೆ ನೆಲಕ್ಕೆ ತಾಗಿದ ಯಾವುದಾದರೂ ಲೋಹ, ಕಿಟಕಿಯ ಕಂಬಿ ಅಥವಾ ನಲ್ಲಿ, ಮುಟ್ಟಿದರೆ ಮೈಮೇಲಿನ ಸ್ಥಿರ ವಿದ್ಯುತ್ ಇಳಿಯುತ್ತದೆ. ಗಾಳಿ ಒಣಗಿರುವ ಚಳಿಗಾಲದಲ್ಲಿ, ಅದರಲ್ಲೂ ಬಯಲುಸೀಮೆಯಲ್ಲಿ, ಇದನ್ನು ಮರೆಯಬೇಡಿ.

ಸ್ಟಿಕ್ ಕೂರಿಸುವ ರೀತಿ

ಅರ್ಧ ಕೂತ ಸ್ಟಿಕ್ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಎರಡೂ ಬದಿಯ ಕ್ಲಿಪ್ ಮುಚ್ಚಿಕೊಂಡಿರುತ್ತದೆ, ಆದರೆ ಒಂದು ಮೂಲೆ ಒಂದು ಮಿಲಿಮೀಟರ್ ಹೊರಗೇ ಉಳಿದಿರುತ್ತದೆ. ಕಪ್ಪು ಪರದೆಗೆ ಅಷ್ಟೇ ಸಾಕು.

ತೆಗೆಯುವಾಗ ಎರಡೂ ಕಡೆಯ ಕ್ಲಿಪ್‌ಗಳನ್ನು ಒಟ್ಟಿಗೆ ಹೊರಕ್ಕೆ ಸರಿಸಿ. ಸ್ಟಿಕ್ ತಾನೇ ಮೇಲಕ್ಕೆ ಏಳುತ್ತದೆ. ಆ ಓರೆಯಲ್ಲೇ, ಸುಮಾರು 30 ಡಿಗ್ರಿ, ಹೊರಗೆ ಎಳೆಯಿರಿ. ಹಾಕುವಾಗಲೂ ಅದೇ ಓರೆ. ಮೊದಲು ಸ್ಟಿಕ್‌ನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಒಂದೋ ತಿರುಗುಮುರುಗಾಗಿದೆ, ಇಲ್ಲವೇ ಸ್ಟಿಕ್‌ನ ತಲೆಮಾರೇ ಬೇರೆ. ಒತ್ತಿ ತುರುಕಬೇಡಿ. ಹೊಂದಿದರೆ ಎರಡೂ ಹೆಬ್ಬೆರಳಿನಿಂದ ಎರಡೂ ಮೂಲೆಗೆ ಸಮವಾಗಿ ಒತ್ತಿ ಒಳಗೆ ದೂಡಿ. ಹೊಸ ಸ್ಲಾಟ್ ಆದರೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಒತ್ತಡ ಬೇಕಾಗುತ್ತದೆ. ಸ್ಟಿಕ್‌ನ ಅಂಚಿನಲ್ಲಿರುವ ಚಿನ್ನದ ಬಣ್ಣದ ಪಟ್ಟಿ ಬಹುತೇಕ ಕಾಣದಂತಾಗಬೇಕು. ಕೂದಲೆಳೆಯಷ್ಟು ಕಂಡರೂ ಆ ಗೆರೆ ಈ ತುದಿಯಿಂದ ಆ ತುದಿಗೆ ಒಂದೇ ಅಳತೆಯಲ್ಲಿರಬೇಕು. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಎಂದರೆ ಓರೆಯಾಗಿ ಕೂತಿದೆ. ಒಳಗೆ ಪೂರ್ತಿ ಹೋದ ಮೇಲಷ್ಟೇ ಕೆಳಕ್ಕೆ ಒತ್ತಿ, ಎರಡೂ ಕ್ಲಿಪ್ ಟಕ್ ಎನ್ನುವವರೆಗೆ. ಮೊದಲೇ ಕೆಳಕ್ಕೆ ಒತ್ತಿದರೆ ಕ್ಲಿಪ್ ಹಿಡಿಯುತ್ತದೆ, ಸಂಪರ್ಕ ಸಿಗುವುದಿಲ್ಲ.

ಒಂದರ ಮೇಲೊಂದು ಇರುವ ಜೋಡಿ ಸ್ಲಾಟುಗಳಲ್ಲಿ ಕೆಳಗಿನದನ್ನೇ ಮೊದಲು ತುಂಬಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ್ಯಾಮ್ ಮೇಲೆ ತೆಳುವಾದ ಲೋಹದ ಹೊದಿಕೆ ಇರುತ್ತದೆ. ಅದನ್ನು ಬಗ್ಗಿಸಿ ಮತ್ತೆ ಮುಚ್ಚಿದಾಗ ಚಿಪ್‌ಗೆ ತಾಗದಂತೆ ಮೊದಲಿನ ಜಾಗದಲ್ಲೇ ಕೂರಬೇಕು.

ಸ್ಲಾಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಧೂಳು, ನೂಲು, ಬಾಗಿದ ಪಿನ್ ಇದೆಯೇ? ಧೂಳಿಗೆ ಒಣ ಮೃದು ಬ್ರಶ್ ಸಾಕು. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಹಳೆಯ ಸ್ಟಿಕ್‌ನ ಪಟ್ಟಿ ಮಸುಕಾಗಿದ್ದರೆ 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಎಳೆ ಬಿಡದ ಬಟ್ಟೆಗೆ ತಾಗಿಸಿ ಒರೆಸಿ, ಐದು ನಿಮಿಷ ಆರಲು ಬಿಡಿ. ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ರೂಢಿಯಿದೆ. ಕಪ್ಪು ಕಟ್ಟಿದ ಹಳೆಯ ಪಟ್ಟಿಗೆ ಅದು ಕೆಲಸ ಮಾಡುವುದು ನಿಜ. ಆದರೆ ಚಿನ್ನದ ಲೇಪ ತೀರಾ ತೆಳು, ಜೋರಾಗಿ ಉಜ್ಜಿದರೆ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ. ಹೊಸ ಸ್ಟಿಕ್‌ಗಂತೂ ರಬ್ಬರ್ ಮುಟ್ಟಿಸುವ ಅಗತ್ಯವೇ ಇಲ್ಲ. ಮಂಗಳೂರು, ಉಡುಪಿ, ಕಾರವಾರದಂಥ ಉಪ್ಪು ಗಾಳಿಯ ಊರುಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಎರಡನೇ ಸ್ಲಾಟಿನ ಪಿನ್‌ಗಳ ಮೇಲೆ ತುಕ್ಕಿನ ಪೊರೆ ಕಟ್ಟಿರಬಹುದು. ಅಂಥ ಸ್ಲಾಟಿನಲ್ಲಿ ಸ್ಟಿಕ್ ಅನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಆ ಉಜ್ಜಾಟಕ್ಕೇ ಪಿನ್ ತಕ್ಕಮಟ್ಟಿಗೆ ಶುಚಿಯಾಗುತ್ತದೆ.

ಒಂದು ಸ್ಟಿಕ್, ಒಂದು ಸ್ಲಾಟ್

ಈಗ ನಿಜವಾದ ಪರೀಕ್ಷೆ. ಪ್ರತಿ ಸಲವೂ ಚಾರ್ಜರ್, ಬ್ಯಾಟರಿ ಎರಡನ್ನೂ ಕಳಚಿಯೇ ಸ್ಟಿಕ್ ಬದಲಿಸಿ. ಮೊದಲು ಹೊಸದನ್ನೆಲ್ಲ ತೆಗೆದು, ಹಳೆಯ ಸ್ಟಿಕ್ ಅನ್ನು ಮೊದಲಿದ್ದ ಸ್ಲಾಟಿಗೇ ಹಾಕಿ ಆನ್ ಮಾಡಿ. ಆನ್ ಆಯಿತೇ? ಯಂತ್ರ ಚೆನ್ನಾಗಿದೆ, ಅರ್ಧ ಚಿಂತೆ ಕಳೆಯಿತು. ಈಗ ಅದೇ ಸ್ಲಾಟಿಗೆ ಹೊಸ ಸ್ಟಿಕ್ ಒಂದನ್ನೇ ಹಾಕಿ ನೋಡಿ. ಆನ್ ಆಗದಿದ್ದರೆ ಹೊಸ ಸ್ಟಿಕ್ ಹೊಂದುತ್ತಿಲ್ಲ ಅಥವಾ ಕೆಟ್ಟಿದೆ. ಆನ್ ಆದರೆ ಸ್ಟಿಕ್ ಸರಿಯಿದೆ, ಹಳೆಯದನ್ನು ಎರಡನೇ ಸ್ಲಾಟಿನಲ್ಲಿ ಒಂಟಿಯಾಗಿ ಹಾಕಿ. ಅಲ್ಲಿ ಆನ್ ಆಗದಿದ್ದರೆ ಎರಡನೇ ಸ್ಲಾಟಿನ ಮೇಲೆ ಅನುಮಾನ. ಆದರೆ ಕೆಲವು ಯಂತ್ರಗಳು ಮೊದಲ ಸ್ಲಾಟ್ ಖಾಲಿ ಇದ್ದರೆ ಆನ್ ಆಗುವುದೇ ಇಲ್ಲ. ಆ ಮಾದರಿಯ ಸರ್ವಿಸ್ ಮ್ಯಾನುಯಲ್ ನೋಡದೆ ಸ್ಲಾಟ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ಒಂಟಿಯಾಗಿ ಎರಡೂ ಸ್ಟಿಕ್ ಓಡುತ್ತವೆ, ಜೊತೆಯಾಗಿ ಓಡುವುದಿಲ್ಲ ಎಂಬ ಸ್ಥಿತಿಯೂ ಉಂಟು. ವೇಗ, ಚಿಪ್ ಜೋಡಣೆ ಬೇರೆ ಬೇರೆ ಇರುವ ಎರಡು ಸ್ಟಿಕ್‌ಗಳಿಗೆ ಬಯಾಸ್ ಒಂದು ಸಾಮಾನ್ಯ ಲೆಕ್ಕ ಹುಡುಕುತ್ತದೆ. ಸಾಮಾನ್ಯವಾಗಿ ನಿಧಾನದ್ದರ ವೇಗಕ್ಕೆ ಎರಡನ್ನೂ ಇಳಿಸುತ್ತದೆ. ಅದು ಸಿಗದಿದ್ದಾಗ ನಿಂತುಬಿಡುತ್ತದೆ. ಸ್ಟಿಕ್‌ಗಳನ್ನು ಅದಲುಬದಲು ಮಾಡಿ ನೋಡಿ. ಆಗಲೂ ಆಗದಿದ್ದರೆ ಬಯಾಸ್ ಅಪ್‌ಡೇಟ್, ಅದಕ್ಕೂ ಬಗ್ಗದಿದ್ದರೆ ಒಂದೇ ಬಗೆಯ ಜೋಡಿ ಕೊಳ್ಳುವುದೇ ದಾರಿ.

ಲೇಬಲ್ ಓದಿ

ಡಿಡಿಆರ್3 ಲ್ಯಾಪ್‌ಟಾಪ್ ಸ್ಟಿಕ್‌ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ಕಚ್ಚಿನ ಜಾಗ ಬೇರೆ ಬೇರೆ ಇರುವುದರಿಂದ ಒಂದು ಮತ್ತೊಂದರ ಸ್ಲಾಟಿಗೆ ಕೂರುವುದೇ ಇಲ್ಲ. ಹೀಗಾಗಿ ಅಲ್ಲಿ ಮೋಸ ಹೋಗುವುದು ಕಡಿಮೆ. ನಿಜವಾದ ಗೊಂದಲ ಇರುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಪಿನ್ ಅಷ್ಟೇ, ಕಚ್ಚೂ ಅದೇ, ಸಲೀಸಾಗಿ ಕೂರುತ್ತದೆ. ಆದರೆ ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ಎರಡನೆಯದು 1.35 ವೋಲ್ಟಿನಲ್ಲಿ ಓಡುತ್ತದೆ. ಇಂಟೆಲ್ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಿಂದ ಈಚೆಗೆ ಡಿಡಿಆರ್3 ಸ್ಲಾಟುಗಳು ಸಾಮಾನ್ಯವಾಗಿ 1.35 ವೋಲ್ಟ್ ಮಾತ್ರ ಕೊಡುತ್ತವೆ. ಅದಕ್ಕೆ 1.5 ವೋಲ್ಟಿನ ಸ್ಟಿಕ್ ಹಾಕಿದರೆ ಕಪ್ಪು ಪರದೆಯೇ ಗತಿ. ಲೇಬಲ್‌ನಲ್ಲಿ ‘ಪಿಸಿ3ಎಲ್-12800’ ಎಂದಿದ್ದರೆ ಕಡಿಮೆ ವೋಲ್ಟಿನದು, ಎಲ್ ಇಲ್ಲದೆ ‘ಪಿಸಿ3-12800’ ಎಂದಿದ್ದರೆ 1.5 ವೋಲ್ಟಿನದು. ಆ ಒಂದು ಅಕ್ಷರವನ್ನು ನೋಡದೆ ಹಣ ಕೊಡಬೇಡಿ. ಉಲ್ಟಾ ದಿಕ್ಕಿನಲ್ಲಿ ಭಯವಿಲ್ಲ, ಡಿಡಿಆರ್3ಎಲ್ ಸ್ಟಿಕ್ 1.5 ವೋಲ್ಟಿನಲ್ಲೂ ಓಡುತ್ತದೆ.

ಎಷ್ಟು ಜಿಬಿ ಎಂಬುದಕ್ಕೂ ಮಿತಿಯಿದೆ. ಇಂಟೆಲ್ ಎರಡರಿಂದ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಲ್ಲಿ ಒಂದು ಸ್ಲಾಟಿಗೆ 8 ಜಿಬಿಯೇ ಗರಿಷ್ಠ. 16 ಜಿಬಿಯ ಡಿಡಿಆರ್3ಎಲ್ ಸ್ಟಿಕ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಆದರೆ ಅದು ಐದನೇ ತಲೆಮಾರಿನಿಂದ ಮೇಲಿನವಕ್ಕೆ. ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಡಿಡಿಆರ್3ಎಲ್, ಕೆಲವು ಡಿಡಿಆರ್4. ಹನ್ನೆರಡು, ಹದಿಮೂರನೇ ತಲೆಮಾರಿನಲ್ಲಿ ಕೆಲವು ಡಿಡಿಆರ್4, ಕೆಲವು ಡಿಡಿಆರ್5. ಪ್ರೊಸೆಸರ್ ಹೆಸರು ಹೇಳಿ ರ್ಯಾಮ್ ಕೇಳಿದರೆ ಅಂಗಡಿಯವರು ತಪ್ಪು ಕೊಡುವುದು ಇದರಿಂದಲೇ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಹಳೆಯ ಸ್ಟಿಕ್ ಅನ್ನೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಯ್ಯಿರಿ, ಲ್ಯಾಪ್‌ಟಾಪನ್ನೂ ಒಯ್ದು ಅಲ್ಲೇ ಹಾಕಿಸಿ ನೋಡಿದರೆ ಇನ್ನೂ ಒಳ್ಳೆಯದು. 24 ಮತ್ತು 48 ಜಿಬಿಯ ಡಿಡಿಆರ್5 ಸ್ಟಿಕ್‌ಗಳು 2023ರಲ್ಲಿ ಬಂದವು. ಅದಕ್ಕಿಂತ ಹಳೆಯ ಬಯಾಸ್ ಇದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಬೇಕಾಗುತ್ತದೆ.

ವೇಗದ ಸಂಖ್ಯೆ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 2400 ಬೇಕಿದ್ದ ಕಡೆ 3200ರ ಡಿಡಿಆರ್4 ಹಾಕಿದರೆ ಅದು 2400ಕ್ಕೆ ಇಳಿದು ಓಡುತ್ತದೆ.

ದೀಪ ಮಿನುಗಿದರೆ ಎಣಿಸಿ

ಪರದೆ ಮಾತಾಡದಿದ್ದರೂ ದೀಪ ಮಾತಾಡುತ್ತದೆ. ಹೊಸ ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ದೀಪ ಕಿತ್ತಳೆಯಲ್ಲಿ 2 ಸಲ, ಬಿಳಿಯಲ್ಲಿ 3 ಸಲ ಮಿನುಗಿದರೆ ರ್ಯಾಮ್ ಕಾಣಲೇ ಇಲ್ಲ ಎಂದು. 2 ಮತ್ತು 4 ಆದರೆ ರ್ಯಾಮ್ ಕೆಟ್ಟಿದೆ, 2 ಮತ್ತು 5 ಆದರೆ ಹೊಂದದ ರ್ಯಾಮ್. ಎಚ್‌ಪಿಯ ಹೊಸ ಯಂತ್ರಗಳಲ್ಲಿ ಉದ್ದ 3, ಗಿಡ್ಡ 2 ಮಿನುಗು ರ್ಯಾಮ್ ಕಡೆ ಬೆರಳು ತೋರಿಸುತ್ತದೆ. ರ್ಯಾಮ್ ಬದಲಿಸಬಹುದಾದ ಹಳೆಯ ಮ್ಯಾಕ್‌ಬುಕ್ ಪ್ರೊ ಐದು ಸೆಕೆಂಡಿಗೊಂದು ಬೀಪ್ ಹೊಡೆದರೆ ರ್ಯಾಮ್ ಇಲ್ಲ ಎಂದು, ಸತತ ಮೂರು ಬೀಪ್ ಹೊಡೆದು ಐದು ಸೆಕೆಂಡ್ ನಿಂತರೆ ಇದ್ದ ರ್ಯಾಮ್ ಪರೀಕ್ಷೆ ದಾಟಲಿಲ್ಲ ಎಂದು. ಬೇರೆ ಮಾದರಿಗಳಿಗೆ ಅವುಗಳ ಮ್ಯಾನುಯಲ್‌ನಲ್ಲಿ ಪಟ್ಟಿ ಇರುತ್ತದೆ. ಮಿನುಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡರೆ ಎಣಿಕೆ ತಪ್ಪುವುದಿಲ್ಲ.

ಹಳೆಯದನ್ನು ಹಾಕಿದರೂ ಆನ್ ಆಗದಿದ್ದರೆ

ಆಗ ಹೊಸ ರ್ಯಾಮ್ ಮೇಲಿನ ಆರೋಪ ಬಿಡಿ. ಬಿಚ್ಚುವಾಗ ಕದಲಿದ್ದು ಏನು ಎಂದು ಹುಡುಕಿ. ಬ್ಯಾಟರಿ ಕನೆಕ್ಟರ್ ಎರಡೂ ತುದಿಯಲ್ಲಿ ಸಮವಾಗಿ ಕೂತಿದೆಯೇ? ಕೀಬೋರ್ಡ್ ಎತ್ತಿದ್ದರೆ ಅದರ ರಿಬ್ಬನ್ ಕೇಬಲ್ ನೇರವಾಗಿದೆಯೇ, ಅದರ ಪುಟ್ಟ ಬೀಗ ಮುಚ್ಚಿದೆಯೇ? ಅನೇಕ ಯಂತ್ರಗಳಲ್ಲಿ ಪವರ್ ಬಟನ್ ಕೂಡ ಅಂಥದೇ ಕೇಬಲ್ ಮೂಲಕ ಬರುತ್ತದೆ. ಪರದೆಯ ಕೇಬಲ್ ಸಡಿಲವಾಗಿದ್ದರೆ ವಿಂಡೋಸ್ ಒಳಗೊಳಗೇ ಶುರುವಾಗಿರುತ್ತದೆ, ಕಾಣಿಸುವುದಿಲ್ಲ ಅಷ್ಟೇ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದರೆ ಗೊತ್ತಾಗುತ್ತದೆ. ಸ್ಕ್ರೂ ಎಣಿಸಿ ನೋಡಿ. ಒಂದು ಕಡಿಮೆಯಾಗಿದ್ದರೆ ಅದು ಮದರ್‌ಬೋರ್ಡ್ ಕೆಳಗೆ ಶಾರ್ಟ್ ಮಾಡುತ್ತಾ ಕೂತಿರಬಹುದು. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ಬಿಗಿದರೆ ಬೋರ್ಡನ್ನೇ ಒತ್ತಿ ಸೀಳುತ್ತದೆ. ಅನುಮಾನ ಬಂದರೆ ಮುಚ್ಚಳ ಹಾಕದೆ ಬ್ಯಾಟರಿ ಜೋಡಿಸಿ ಆನ್ ಮಾಡಿ ನೋಡಿ.

ಎಲ್ಲ ಸರಿಯಿದ್ದರೆ ಬಯಾಸ್ ರೀಸೆಟ್. ಇದಕ್ಕೂ ಮುಂಚೆ ಒಂದು ಮುಖ್ಯ ಮಾತು: ವಿಂಡೋಸ್‌ನಲ್ಲಿ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಇದ್ದರೆ ಬಯಾಸ್ ರೀಸೆಟ್ ಆದ ಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಸಿಗದಿದ್ದರೆ ಒಳಗಿನ ಫೋಟೋ, ಕಡತ ಯಾವುದೂ ಕೈಗೆ ಬರುವುದಿಲ್ಲ. ಇನ್ನೊಂದು ಫೋನ್ ಅಥವಾ ಕಂಪ್ಯೂಟರಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೀಯನ್ನು ಈಗಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ರೀಸೆಟ್ ಮಾಡುವ ವಿಧಾನ ಯಂತ್ರಕ್ಕೊಂದು. ಮದರ್‌ಬೋರ್ಡಿನಲ್ಲಿ ಸಿಆರ್2032 ಬಟನ್ ಸೆಲ್ ಇದ್ದರೆ ಅದನ್ನು ಕಳಚಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಅನೇಕ ಡೆಲ್ ಮಾದರಿಗಳಲ್ಲಿ ಚಾರ್ಜರ್ ಹಾಕಿ ಪವರ್ ಬಟನ್ ಅನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಅನೇಕ ಥಿಂಕ್‌ಪ್ಯಾಡ್‌ಗಳ ತಳದಲ್ಲಿ ಸೂಜಿರಂಧ್ರದ ರೀಸೆಟ್ ಇದೆ. ಅದು ಬಯಾಸ್ ಸೆಟ್ಟಿಂಗ್ ಅಳಿಸುವುದಿಲ್ಲ, ಬ್ಯಾಟರಿಯನ್ನು ಕ್ಷಣಕಾಲ ಕಡಿದು ನಿಂತುಹೋದ ಯಂತ್ರವನ್ನು ಎಬ್ಬಿಸುತ್ತದೆ. ಚಾರ್ಜರ್ ತೆಗೆದು, ನೇರ ಮಾಡಿದ ಪೇಪರ್ ಕ್ಲಿಪ್‌ನಿಂದ ಒತ್ತಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ರೀಸೆಟ್ ಆದ ಮೇಲೆ ಡಿಡಿಆರ್5 ಯಂತ್ರ ಮತ್ತೆ ಟ್ರೇನಿಂಗ್ ಮಾಡುತ್ತದೆ, ಆ 15 ನಿಮಿಷ ಮತ್ತೆ ಕೊಡಿ.

ಇಷ್ಟಾದರೂ ಹಳೆಯ ರ್ಯಾಮ್‌ನಲ್ಲಿ ಜೀವ ಬರದಿದ್ದರೆ ಬೋರ್ಡ್ ರಿಪೇರಿ ಬಲ್ಲವರ ಕೈಗೆ ಕೊಡಿ. ಏನೇನು ಮಾಡಿ ನೋಡಿದಿರಿ, ಯಾವ ದೀಪ ಹೇಗೆ ಮಿನುಗಿತು ಎಂದು ಬರೆದುಕೊಟ್ಟರೆ ಅವರ ಕೆಲಸವೂ ಹಗುರ, ಬಿಲ್ಲೂ ಹಗುರ.

ಆನ್ ಆಯಿತು, ಇನ್ನೂ ಮುಗಿದಿಲ್ಲ

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ನೋಡಿ. 16 ಜಿಬಿ ಹಾಕಿದ್ದು 15 ಚಿಲ್ಲರೆ ಎಂದು ತೋರಿಸಿದರೆ ಉಳಿದದ್ದನ್ನು ಗ್ರಾಫಿಕ್ಸ್ ಇಟ್ಟುಕೊಂಡಿದೆ, ಅದು ಸಹಜ. 8 ಮಾತ್ರ ಎಂದರೆ ಒಂದು ಸ್ಟಿಕ್ ಮತ್ತೆ ಸರಿಯಾಗಿ ಕೂತಿಲ್ಲ.

ಆಮೇಲೆ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿ ಮಲಗುವಾಗ ಹಚ್ಚಿಬಿಡಿ. ನಾಲ್ಕು ಸುತ್ತು ಮುಗಿಯಲಿ. ವಿಂಡೋಸ್‌ನದೇ ಮೆಮೊರಿ ಡಯಾಗ್ನೋಸ್ಟಿಕ್ ಕೂಡ ಇದೆ, ಆದರೆ ಅದು ಬಿಟ್ಟ ತಪ್ಪನ್ನು ಮೆಮ್‌ಟೆಸ್ಟ್ ಹಿಡಿಯುವುದುಂಟು. ಒಂದೇ ಒಂದು ತಪ್ಪು ಬಂದರೂ ‘ಪರವಾಗಿಲ್ಲ’ ಎನ್ನಬೇಡಿ, ಆ ಒಂದು ತಪ್ಪು ನಿಮ್ಮ ಕಡತಗಳೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ತಪ್ಪು ತೋರಿಸಿದ ಸ್ಟಿಕ್ ಅನ್ನು ಒಂಟಿಯಾಗಿ ಇನ್ನೊಂದು ಸ್ಲಾಟಿಗೆ ಹಾಕಿ ಮತ್ತೆ ಓಡಿಸಿ. ಅಲ್ಲೂ ತಪ್ಪು ಬಂದರೆ ಸ್ಟಿಕ್ ವಾಪಸ್ ಮಾಡಿ. ಪರೀಕ್ಷೆಯ ಪರದೆಯ ಫೋಟೋ ಮತ್ತು ಬಿಲ್ ಇದ್ದರೆ ವಾರಂಟಿಯಲ್ಲಿ ಬದಲಿಸಿಕೊಳ್ಳಲು ಅನುಕೂಲ. ಅಲ್ಲಿ ತಪ್ಪು ಬರದಿದ್ದರೆ ಆ ಸ್ಟಿಕ್ ಮೊದಲು ಇದ್ದ ಸ್ಲಾಟಿಗೆ ಮತ್ತೊಮ್ಮೆ ಟಾರ್ಚ್ ಬಿಟ್ಟು ಪಿನ್ ನೋಡಿ.